ನೆರಳಿನಲ್ಲಿ ಅಳೆದ ಮೂವತ್ತೊಂದು ಲೋಡು

ಈ ಕೆಲಸದಲ್ಲಿ ನನಗೆ ಒಂದು ಟಿಪ್ಪರ್ ಹೋಯಿತು. ಇದ್ದ ಮೂರರಲ್ಲಿ ಎಲ್ಲಕ್ಕಿಂತ ಹೊಸದು. ಬುರೈಮಿಯ ವ್ಯಾಪಾರಿಯೊಬ್ಬ ಎರಡು ಲೋಟ ಚಹಾ ಕುಡಿಸಿ, ಟಯರಿಗೊಮ್ಮೆ ಒದ್ದು ನೋಡಿ, ನಾನು ಈಗಲೂ ಬಾಯಿಬಿಟ್ಟು ಹೇಳಲು ನಾಚುವ ಬೆಲೆಗೆ ಅದನ್ನು ಕೊಂಡುಕೊಂಡ. ಮೂವತ್ತು ವರ್ಷ ಚೌಕಾಸಿಯಿಂದಲೇ ಅನ್ನ ತಿಂದವನು ನಾನು. ಅವತ್ತು ಮಾತ್ರ ಎದುರು ಮಾತಾಡದೆ ಬೀಗದ ಕೈ ಕೊಟ್ಟು ಬಂದೆ, ಯಾಕೆಂದರೆ ದುಡ್ಡು ಅದೇ ವಾರ ಬೇಕಿತ್ತು. ಮೂವತ್ತೊಂದು ಲೋಡು ವಿಷದ ಮಣ್ಣನ್ನು ಎರಡನೆಯ ಸಲ ಎತ್ತಿ, ಮೊದಲೇ ಹೋಗಿ ಬೀಳಬೇಕಿದ್ದ ಜಾಗಕ್ಕೆ ಸಾಗಿಸುವ ಖರ್ಚು ಅದು. ಎರಡು ಸಲ ಯಾಕೆ ಎತ್ತಬೇಕಾಯಿತು ಎಂದು ಕೇಳಿದರೆ, ಒಬ್ಬ ಹಿರಿಯರ ಬಗ್ಗೆ ಹೇಳಬೇಕಾಗುತ್ತದೆ. ನನ್ನ ಜೀವಮಾನದಲ್ಲಿ ಅವರಿಗಿಂತ ಗಟ್ಟಿ ವ್ಯವಹಾರಸ್ಥರನ್ನು ನಾನು ನೋಡಿಲ್ಲ.

ಎಣ್ಣೆಯ ಬೆಲೆ ಬಿದ್ದ ಎರಡನೆಯ ವರ್ಷ ಅದು. ಮಸ್ಕತ್ತಿನ ಸುತ್ತ ಅರ್ಧಕ್ಕೆ ನಿಂತ ಕಟ್ಟಡಗಳ ಕಬ್ಬಿಣ ಬಿಸಿಲಿಗೆ ಕೆಂಪಾಗುತ್ತಿತ್ತು. ಅಲ್ ಅಮೇರಾತ್‌ನಲ್ಲಿ ನಾವಿದ್ದ ಕಟ್ಟಡದ ಕೆಳಗೆ ಪ್ರತಿ ಶುಕ್ರವಾರ ಯಾರದಾದರೂ ಸೋಫಾ, ಫ್ರಿಜ್ಜು, ಮಗುವಿನ ಸೈಕಲ್ಲು ಮಾರಾಟಕ್ಕೆ ಬರುತ್ತಿತ್ತು. ಊರಿಗೆ ಹೊರಟವರ ಸಾಮಾನು. ನನ್ನ ಟಿಪ್ಪರ್‌ಗಳು ಅಂಗಳದಲ್ಲಿ ನಿಂತು ನಿಂತು ಅವುಗಳ ಕನ್ನಡಿಯ ಹಿಂದೆ ಗುಬ್ಬಿ ಗೂಡು ಕಟ್ಟಿತ್ತು. ಲಾರಿ ಕ್ಲೀನರ್ ಆಗಿ ಹೊರಟು ಇಲ್ಲಿಯವರೆಗೆ ಬಂದವನಿಗೆ ನಿಂತ ಗಾಡಿಯಷ್ಟು ಸಂಕಟ ಕೊಡುವ ನೋಟ ಇನ್ನೊಂದಿಲ್ಲ. ಹಾಗಾಗಿ ಒಂದು ಹಳೆಯ ಮಿಲಿಟರಿ ಕ್ಯಾಂಪಿನ ಕೆಟ್ಟ ಮಣ್ಣು ಸಾಗಿಸುವ ಕೆಲಸ ಇದೆ ಎಂದು ಗೊತ್ತಾದಾಗ ನಾನು ದರ ಎಷ್ಟು ಇಳಿಸಿದೆ ಎಂದರೆ, ಉಳಿದ ಇಬ್ಬರು ಸಾಗಣೆದಾರರು ನನ್ನ ಮುಖವನ್ನೂ ನೋಡದೆ ಎದ್ದು ಹೋದರು. ಆಗ ಗೆದ್ದೆ ಎಂದುಕೊಂಡಿದ್ದೆ.

ಸುವೈಕ್ ಪೇಟೆಯಿಂದ ಕಡಲಿಗೆ ಬೆನ್ನು ಹಾಕಿ ಬೆಟ್ಟದ ಕಡೆಗೆ ಒಂದು ಗಂಟೆ ಹೋದರೆ ಕೆಲಸವಿದ್ದ ಹಳ್ಳಿ. ಅದರ ಮೇಲಿನ ದಿಬ್ಬದಲ್ಲಿ ಹಿಂದೊಂದು ಕಾಲದಲ್ಲಿ ಮಿಲಿಟರಿ ಕ್ಯಾಂಪ್ ಇತ್ತು. ಸೈನಿಕರು ಹೋಗಿ ಎಷ್ಟೋ ದಶಕಗಳಾಗಿದ್ದವು. ಉಳಿದದ್ದು ಬಿರುಕು ಬಿಟ್ಟ ಒಂದು ವಿಮಾನಪಟ್ಟಿ, ತಗಡಿನ ನಾಲ್ಕು ಶೆಡ್ಡು, ಮತ್ತೆ ನೆಲದಡಿ ಹೂತ ಇಂಧನದ ಟ್ಯಾಂಕುಗಳು. ಆ ಟ್ಯಾಂಕುಗಳು ತುಕ್ಕು ಹಿಡಿದು ಸೋರಿದ್ದವು. ಹಳೆಯ ಎಣ್ಣೆ, ಬ್ಯಾಟರಿ, ಏನೇನೋ ಸುಟ್ಟ ಗುಂಡಿಯೂ ಒಂದಿತ್ತು. ಅಗೆದರೆ ಒಂದಾಳು ಆಳದವರೆಗೆ ಮಣ್ಣು ಕಪ್ಪಗೆ, ಅಂಟಂಟು, ಮೂಗಿಗೆ ಸೀಮೆಎಣ್ಣೆ ಹೊಡೆದ ಹಾಗೆ. ಊರಿನ ಮೂಡು ತೋಟದ ಬಾವಿ ಆಗಲೇ ಕೆಟ್ಟಿತ್ತು. ಆ ನೀರಿನಲ್ಲಿ ಕಲಸಿದ ಹಿಟ್ಟು ವಾಸನೆ ಬರುತ್ತದೆ ಎಂದು ಹೆಂಗಸರು ಮೊದಲು ಹೇಳಿದರಂತೆ. ಆಮೇಲೆ ಆಡು ಮುಟ್ಟಲಿಲ್ಲ. ಆಮೇಲೆ ಖರ್ಜೂರದ ಗರಿ ತುದಿಯಿಂದ ಒಣಗತೊಡಗಿತು. ಊರವರು ವರ್ಷಗಟ್ಟಲೆ ಅರ್ಜಿ ಕೊಟ್ಟ ಮೇಲೆ ಸ್ವಚ್ಛಗೊಳಿಸುವ ಕೆಲಸ ಒಂದು ಕಂಪೆನಿಗೆ ಸಿಕ್ಕಿತು, ಸಾಗಣೆ ನನಗೆ ಸಿಕ್ಕಿತು.

ಊರಿಗೆ ಉಳಿದ ಜೀವ ಅಂದರೆ ಫಲಜ್. ವಿಟ್ಲ, ಕಾಸರಗೋಡಿನ ಕಡೆ ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತರುವುದನ್ನು ನೋಡಿದವರಿಗೆ ಫಲಜ್ ಎಂತದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದ ಬುಡದಲ್ಲಿ ಒಂದು ಮೂಲಬಾವಿ. ಅಲ್ಲಿಂದ ನೆಲದಡಿಯಲ್ಲೇ ಮೈಲುಗಟ್ಟಲೆ ಸುರಂಗ. ಊರಿನ ತಲೆಯ ಮೇಲೆ ಅದು ಬಾಯಿ ತೆರೆದು ತೋಡಾಗಿ ತೋಟ ತೋಟಕ್ಕೆ ಹರಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಆ ನೀರನ್ನು ಊರವರು ಹೊತ್ತಿನ ಮೇಲೆ ಹಂಚಿಕೊಳ್ಳುತ್ತಾರೆ. ಅರ್ಧ ಗಂಟೆಗೆ ಒಂದು ಅಥರ್ ಎನ್ನುತ್ತಾರೆ. ಒಬ್ಬನಿಗೆ ಎರಡು ಅಥರ್, ಒಬ್ಬ ವಿಧವೆಗೆ ಅರ್ಧ ಅಥರ್, ಮಸೀದಿಗೆ ಒಂದು. ಮಸೀದಿಯ ಪಕ್ಕದ ಬಯಲಿನಲ್ಲಿ ಒಂದು ಕಂಬ ನೆಟ್ಟಿದೆ, ಅದರ ನೆರಳು ಬೀಳುವಲ್ಲಿ ಸಾಲಾಗಿ ಕಲ್ಲು ಇಟ್ಟಿದೆ. ನೆರಳು ಈ ಕಲ್ಲಿನಿಂದ ಆ ಕಲ್ಲಿಗೆ ಹೋದರೆ ಸರದಿ ಬದಲು. ಇದನ್ನೆಲ್ಲ ನೋಡಿಕೊಳ್ಳುವ ಹಿರಿಯರೇ ನಾನು ಹೇಳಿದವರು. ಎಪ್ಪತ್ತು ದಾಟಿದ, ಕೋಲಿನ ಹಾಗೆ ತೆಳ್ಳಗಿನ ಮನುಷ್ಯ. ಅಲ್ಲಿ ವಯಸ್ಸಾದವರನ್ನು ತಂದೆ ಎಂಬ ಅರ್ಥದಲ್ಲಿ ವಾಲಿದ್ ಎಂದು ಕರೆಯುವುದು, ನಾನೂ ಹಾಗೆಯೇ ಕರೆಯುತ್ತಿದ್ದೆ.

ಅವರ ಕೈಯಲ್ಲಿ ಒಳ್ಳೆಯ ವಾಚು ಇತ್ತು. ಮತ್ತೆ ಆ ಕಂಬ ಯಾಕೆ ಎಂದು ಮೊದಲ ದಿನವೇ ಕೇಳಿದೆ.

"ವಾಚು ನನ್ನ ಕೈಯಲ್ಲಿ ಇರ್ತದೆ, ನನಗೆ ಮಾತ್ರ ಕಾಣ್ತದೆ," ಎಂದರು. "ನೆರಳು ಎಲ್ಲರಿಗೂ ಕಾಣ್ತದೆ. ಜಗಳ ಇಲ್ಲ."

ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಎಲ್ಲಿ ಕಲಿತರೆಂಬುದು ನನಗೆ ಆಮೇಲೆ ಗೊತ್ತಾಯಿತು.

ನಮ್ಮ ಟಿಪ್ಪರ್‌ಗಳು ಕ್ಯಾಂಪಿನಿಂದ ಇಳಿದು, ಮಸೀದಿಯ ಮುಂದೆ ಹಾದು, ಗುಡ್ಡ ಸುತ್ತಿ, ಆಚೆ ಕಲ್ಲುಬಯಲಿನಲ್ಲಿ ದಪ್ಪ ಪ್ಲಾಸ್ಟಿಕ್ ಹಾಸಿ ಮಾಡಿದ ಗುಂಡಿಗೆ ಹೋಗಬೇಕಿತ್ತು. ಹೋಗಿ ಬರಲು ಮೂರು ಗಂಟೆ. ಊರೊಳಗಿನ ದಾರಿಗೆ ಒಪ್ಪಿಗೆ ಬೇಕಲ್ಲ, ಅದಕ್ಕೆ ನಾನು ಸಬ್ಲಾಕ್ಕೆ ಹೋದೆ. ಊರಿನ ಗಂಡಸರು ಕೂತು ಮಾತಾಡುವ ಪಡಸಾಲೆಗೆ ಅಲ್ಲಿ ಸಬ್ಲಾ ಎನ್ನುತ್ತಾರೆ. ಖರ್ಜೂರ ತಿಂದು ಕಾಫಿ ಕುಡಿದು ಮುಗಿಯುವ ತನಕ ವ್ಯವಹಾರದ ಮಾತು ಎತ್ತಬಾರದೆಂದು ನನಗೆ ಗೊತ್ತಿತ್ತು. ಅಲ್ಲಿನ ರೂಢಿಯಂತೆ ಖಾಲಿ ಲೋಟ ಅಲ್ಲಾಡಿಸಿ ಸಾಕು ಎಂದೆ, ಆಮೇಲೆ ನನ್ನ ಅಸ್ತ್ರ ತೆಗೆದೆ. ದಾರಿ ಬಿಟ್ಟದ್ದಕ್ಕೆ ಇಷ್ಟು ಕೊಡುತ್ತೇನೆ ಎಂದೆ. ಹಿರಿಯರು ಕಾಫಿಯ ಲೋಟಗಳನ್ನು ಒಂದರೊಳಗೊಂದು ಜೋಡಿಸಿಟ್ಟರು. ಮಸೀದಿಗೆ ಎರಡು ಏರ್‌ಕಂಡೀಷನರ್ ಎಂದೆ. ಕಾಫಿಯ ಹೂಜಿಗೆ ಮುಚ್ಚಳ ಹಾಕಿದರು. ನೀರಿನ ದೊಡ್ಡ ಟ್ಯಾಂಕು ಎಂದಾಗ ಪಕ್ಕದವರೊಬ್ಬರು ನಕ್ಕರು.

ಹಿರಿಯರು ನಗಲಿಲ್ಲ. ಗೆಳೆಯ ಎಂಬ ಅರ್ಥದಲ್ಲಿ ನನ್ನನ್ನು ಸದೀಕ್ ಎಂದು ಕರೆಯುತ್ತಿದ್ದರು. "ನೀನು ಬೆಲೆ ಹೇಳ್ತಾ ಇದ್ದೀಯ ಸದೀಕ್. ನಾನು ಏನನ್ನೂ ಮಾರಲಿಕ್ಕೆ ಇಟ್ಟಿಲ್ಲ," ಎಂದರು.

ಬಿಟ್ಟಿಯಾಗಿಯೇ ದಾರಿ ಕೊಟ್ಟರು. ಪ್ರತಿಯಾಗಿ ಎರಡು ಷರತ್ತು. ನೆಲದಡಿ ಸುರಂಗ ಹಾದುಹೋಗುವ ಕಡೆ ತಾವು ಸುಣ್ಣ ಬಳಿದ ಕಲ್ಲು ಇಡುತ್ತೇವೆ, ತುಂಬಿದ ಗಾಡಿ ಅದರ ಮೇಲೆ ಹೋಗಬಾರದು. ಎರಡನೆಯದು, ಅಗೆಯುವ ಗುಂಡಿಯ ಬಳಿ ಬೆಳಗಿನಿಂದ ಸಂಜೆಯವರೆಗೆ ಊರಿನವರೊಬ್ಬರು ಕೂತು ನೋಡುತ್ತಾರೆ. ಇಷ್ಟೇ ತಾನೇ ಎಂದುಕೊಂಡು ಕೈ ಕುಲುಕಿದೆ. ಮೂರು ದಿನದಲ್ಲಿ ಅದರ ತೂಕ ತಿಳಿಯಿತು. ನೀರಿನ ಸರದಿಯ ಕ್ರಮದಲ್ಲೇ ಅವರು ಕಾವಲಿನ ಸರದಿ ಹಂಚಿದ್ದರು. ಎರಡು ಅಥರ್ ನೀರಿನವನು ಒಂದು ಗಂಟೆ ಕೂರಬೇಕು, ಅರ್ಧ ಅಥರ್ ವಿಧವೆ ಕಾಲು ಗಂಟೆ. ಆಕೆ ಬಣ್ಣದ ನೂಲಿನಲ್ಲಿ ಗಂಡಸರ ಟೊಪ್ಪಿಗೆ ಕಸೂತಿ ಹಾಕುತ್ತಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದಳು, ತಲೆ ಎತ್ತಿದ್ದು ಕಾಣದು. ಆದರೆ ಒಮ್ಮೆ ಜೆಸಿಬಿಯವನು ಕಪ್ಪು ಮಣ್ಣು ಉಳಿದಿರುವಾಗಲೇ ಒಳ್ಳೆ ಮಣ್ಣು ಮುಚ್ಚಲು ಹೋದಾಗ ಸೂಜಿಯನ್ನು ಟೊಪ್ಪಿಗೆ ಚುಚ್ಚಿಟ್ಟು ಎದ್ದುಬಂದು ಬಕೆಟ್ಟಿನ ಮುಂದೆ ನಿಂತಳು. ಅವನು ಮತ್ತೆ ಅಗೆದ. ಹೋರಾಟ, ಘೋಷಣೆ, ಬ್ಯಾನರು ಯಾವುದೂ ಇಲ್ಲದೆ ಒಂದು ಊರು ತನ್ನ ನೀರನ್ನು ಹೀಗೆ ಕಾಯಬಹುದೆಂದು ನನಗೆ ಗೊತ್ತಿರಲಿಲ್ಲ.

ಕಂಪೆನಿಯ ಕಡೆಯಿಂದ ಅಲ್ಲಿದ್ದವರು ಬಾಗಲಕೋಟೆಯ ಒಬ್ಬ ಇಂಜಿನಿಯರು. ಓದಿದವರು, ಕೆಲಸ ಬಲ್ಲವರು, ಆ ವರ್ಷ ಎಲ್ಲರ ಹಾಗೆ ಹೆದರಿಕೊಂಡಿದ್ದವರು. ಅವರ ಕಚೇರಿಯ ಅರ್ಧ ಕುರ್ಚಿ ಖಾಲಿಯಾಗಿತ್ತು, ಮಗಳು ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ತರಗತಿ. ಅವರು ಫಲಜ್ ನೀರಿನ ಪರೀಕ್ಷೆಯ ವರದಿ ತಂದು ಸಬ್ಲಾದ ಗೋಡೆಗೆ ಅಂಟಿಸಿ ನೀರು ಶುದ್ಧವಾಗಿದೆ ಎಂದು ಹಿಂದಿಯಲ್ಲಿ ವಿವರಿಸಿದರು. ಹಿರಿಯರು ಕಾಗದ ಓದಲು ಹೋಗಲಿಲ್ಲ. ನೀರು ಎಲ್ಲಿಂದ ತುಂಬಿಸಿದ್ದು, ಯಾವ ಹೊತ್ತಿನಲ್ಲಿ, ಆಗ ಪಕ್ಕದಲ್ಲಿ ಯಾರು ನಿಂತಿದ್ದರು ಎಂದು ಕೇಳಿದರು. ಊರಿನವರು ಯಾರೂ ನಿಂತಿರಲಿಲ್ಲ. ಮರುದಿನ ಊರಿನ ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹೊಸದಾಗಿ ಬಾಟಲಿ ತುಂಬಿಸಿದರು. ಹೊರಗೆ ಬಂದು ನನ್ನೊಡನೆ, "ನಮ್ಮ ಯೂನಿವರ್ಸಿಟಿ ಒಳಗೂ ನನಗ ಇಷ್ಟು ಚೊಲೋ ಪ್ರಶ್ನಿ ಯಾರೂ ಕೇಳಿದ್ದಿಲ್ರಿ," ಎಂದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ದರ ಇಳಿಸಿ ಕೆಲಸ ಹಿಡಿದ ಮೇಲೆ ಆ ಇಳಿದದ್ದನ್ನು ನಾನು ಎಲ್ಲಿಂದಾದರೂ ಹಿಂದೆ ತೆಗೆಯಬೇಕಲ್ಲ. ಡ್ರೈವರುಗಳ ತಿಂಗಳ ಸಂಬಳ ಕಡಿಮೆ ಮಾಡಿ, ಟ್ರಿಪ್ಪಿಗೆ ಇಷ್ಟು ಎಂದು ಮಾಡಿದೆ. ದಿನಕ್ಕೆ ನಾಲ್ಕು ಟ್ರಿಪ್ಪು ಆಗಲೇಬೇಕು ಎಂದೆ. ಲೋಡು ತುಂಬುವುದಕ್ಕೆ ಅರ್ಧ ಗಂಟೆ, ದಾರಿ ಮೂರು ಗಂಟೆ. ಹಗಲಿನಲ್ಲಿ ಮೂರೇ ಆಗುತ್ತದೆ ಎಂದು ಬೆರಳು ಮಡಚಿದರೆ ಯಾರಿಗೂ ತಿಳಿಯುತ್ತದೆ. ನಾನು ಮಡಚಲಿಲ್ಲ. ಇನ್ನೊಂದು ಸಂಗತಿ, ಆಚೆ ಗುಂಡಿಯ ಬಳಿ ಗಾಡಿ ತೂಗುವ ಗುಮಾಸ್ತನನ್ನು ಕಂಪೆನಿಯವರು ಖರ್ಚು ಕಡಿಮೆ ಮಾಡಲು ಮನೆಗೆ ಕಳಿಸಿದ್ದರು. ಹಾಗಾಗಿ ಈಚೆಯಿಂದ ಎಷ್ಟು ಲೋಡು ಹೊರಟಿತು ಎಂದು ಇಂಜಿನಿಯರು ಸಹಿ ಹಾಕಿದ ಚೀಟಿಯೇ ಲೆಕ್ಕ. ಹೊರಟದ್ದು ಮುಟ್ಟಿತೋ ಎಂದು ನೋಡುವವರಿಲ್ಲ. ಇದು ನನಗೆ ಅನುಕೂಲ ಎಂದು ಒಳಗೊಳಗೆ ಖುಷಿಯಾಗಿದ್ದೆ. ಮುಚ್ಚಿಡುವುದಿಲ್ಲ.

ಕೆಲಸ ಶುರುವಾಗಿ ಒಂದು ತಿಂಗಳಾಗುತ್ತಿದ್ದಾಗ, ಒಂದು ಬೆಳಿಗ್ಗೆ, ಹಿರಿಯರು ಕರೆದಿದ್ದಾರೆ ಎಂದು ಸುದ್ದಿ ಬಂತು. ಕಾಫಿ ಆಯಿತು. ಆಮೇಲೆ ನನ್ನನ್ನೊಬ್ಬನನ್ನೇ ನೆರಳಿನ ಕಂಬದ ಬಳಿಗೆ ಕರೆದುಕೊಂಡು ಹೋದರು. ಗೋಡೆಯ ಬುಡದಲ್ಲಿ ಸಣ್ಣ ಕಲ್ಲುಗಳ ಮೂರು ಸಾಲು ಇತ್ತು.

"ಇದು ನಿನ್ನ ಮೂರು ಗಾಡಿ," ಎಂದರು. "ಇಲ್ಲಿಂದ ಹೋಗಿ ಇಲ್ಲಿಗೆ ಬರ್ಲಿಕ್ಕೆ ಎಲ್ಲ ಗಾಡಿಗೂ ಆರು ಅಥರ್ ಬೇಕು. ಮೂರನೆಯ ಗಾಡಿ ಮಾತ್ರ ಕೆಲವು ಸಲ ಮೂರೇ ಅಥರಲ್ಲಿ ವಾಪಸ್ಸು ಬರ್ತದೆ. ಇವು ಅಂಥ ಸಲದ ಕಲ್ಲು. ಎಣಿಸು."

ಎಣಿಸಿದೆ. ಹನ್ನೊಂದು.

"ಅದು ಗಾಡಿಯಾ, ವಿಮಾನವಾ?" ಎಂದು ಕೇಳಿದರು. ಮುಖದಲ್ಲಿ ಕೋಪ ಇರಲಿಲ್ಲ. ಒಂದು ದಿನ ನೋಡಿದರೆ ತನ್ನದೇ ತಪ್ಪಿರಬಹುದು ಎಂದು ವಾರದುದ್ದಕ್ಕೂ ನೋಡಿ ಆಮೇಲೆ ಕರೆದಿದ್ದರು.

ನನಗೆ ಅಲ್ಲಿ ನಿಂತಲ್ಲೇ ಅರ್ಥವಾಯಿತು. ನೋಡಿ ಹೇಳುತ್ತೇನೆ ಎಂದು ಸಂಜೆಯವರೆಗೆ ಸಮಯ ಕೇಳಿಕೊಂಡೆ. ಮೂರನೆಯ ಗಾಡಿಯ ಡ್ರೈವರ್ ಒಬ್ಬ ಪಠಾಣ, ನನ್ನಲ್ಲಿ ಒಂಬತ್ತು ವರ್ಷದಿಂದ ಇದ್ದವನು. ಅವನ ಪಕ್ಕದ ಸೀಟಿನಲ್ಲಿ ಹತ್ತಿ ಕೂತು, ಎಲ್ಲಿ ಸುರಿದೆ ಅಲ್ಲಿಗೆ ಹೋಗು ಎಂದೆ. ಗೇರ್ ಹಾಕಿ ಹೊರಟ. ಗುಡ್ಡ ಸುತ್ತಿ ಊರು ಮರೆಯಾದ ಮೇಲೆ ರಸ್ತೆ ಒಂದು ಒಣಹಳ್ಳ ದಾಟುತ್ತದೆ. ಅಲ್ಲಿಂದ ತುಸು ಒಳಗೆ, ರಸ್ತೆಗೆ ಕಾಣದ ತಿರುವಿನಲ್ಲಿ ಕಪ್ಪು ಗುಪ್ಪೆಗಳು, ಒಂದರ ಪಕ್ಕ ಒಂದು.

"ಎಷ್ಟು?" ಎಂದೆ.

"ಮೂವತ್ತೊಂದು, ಸೇಠ್." ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ ಹೇಳಿದ. "ನೀವು ನಾಲ್ಕು ಅಂದಿರಿ. ರಸ್ತೆ ಮೂರು ಅಂತು. ನಾನು ನಿಮ್ಮ ಮಾತು ಕೇಳಿದೆ."

ಗಾಡಿಯಿಂದ ಇಳಿದು ಗುಪ್ಪೆಗಳನ್ನು ನಾನೇ ಒಮ್ಮೆ ಎಣಿಸಿದೆ.

ಊರಿಗೆ ಬೆನ್ನು ಹಾಕಿದ ಜಾಗ, ಇಲ್ಲಿ ಸುರಿದರೆ ಯಾರಿಗೂ ತೊಂದರೆಯಾಗದು ಎಂದು ಅವನು ಎಣಿಸಿದ್ದ. ನೋಡಿದರೆ ನನಗೂ ಹಾಗೆಯೇ ಕಂಡಿತು. ಇಂಜಿನಿಯರನ್ನು ಜೀಪಿನಲ್ಲಿ ಕರೆತಂದು ತೋರಿಸಿದೆ. ಅವರು ನಕ್ಷೆ ಬಿಡಿಸಿ, ಹಳ್ಳದ ಗೆರೆಯ ಮೇಲೆ ಬೆರಳು ಎಳೆದರು. ಆ ಹಳ್ಳ ಗುಡ್ಡವನ್ನು ಸುತ್ತಿ ತಿರುಗಿ ಬಂದು ಫಲಜಿನ ಮೂಲಬಾವಿಯ ಮೇಲಿನ ಕಲ್ಲುನೆಲದಲ್ಲೇ ಇಂಗುತ್ತಿತ್ತು. ಚಳಿಗಾಲದ ಒಂದು ಒಳ್ಳೆಯ ಮಳೆ ಬಿದ್ದು ಹಳ್ಳ ಬಂದರೆ ಮೂಡು ತೋಟದ ಬಾವಿಗೆ ಆದದ್ದು ಇಡೀ ಊರಿನ ನೀರಿಗೆ ಆಗುತ್ತದೆ. ಡಿಸೆಂಬರ್ ಬಂದಿತ್ತು.

ಇಂಜಿನಿಯರು ನಕ್ಷೆ ಮಡಚಿ ಜೀಪಿನ ಬಾನೆಟ್ಟಿನ ಮೇಲೆ ಇಟ್ಟರು. "ನೋಡ್ರಿ ಸಾವ್ಕಾರ್ರ, ಆ ಮೂವತ್ತೊಂದು ಚೀಟಿ ಮ್ಯಾಲ ನಂದೂ ಸಹಿ ಐತಿ. ಇದು ಹೊರಗ ಬಂತಂದ್ರ ಮುಂದಿನ ತಿಂಗಳ ನಾ ಇಲ್ಲಿ ಇರೂದಿಲ್ಲ. ಮಗಳದು ಪರೀಕ್ಷಾ ಬ್ಯಾರೆ," ಎಂದರು.

ನಾನು ಏನು ಯೋಚಿಸುತ್ತಿದ್ದೆ ಎಂದು ಹೇಳಿಬಿಡುತ್ತೇನೆ. ಹಿರಿಯರಿಗೆ ಗೊತ್ತಿರುವುದು ಹನ್ನೊಂದು. ಎದುರಿನವನಿಗೆ ಎಷ್ಟು ಗೊತ್ತೋ ಅಷ್ಟಕ್ಕೇ ವ್ಯವಹಾರ ಮುಗಿಸುವುದು ನಾನು ಕಲಿತ ಮೊದಲ ಪಾಠ. ಹನ್ನೊಂದು ಲೋಡು ಎತ್ತಿ, ತಪ್ಪಾಯಿತು ಎಂದು ಕೈ ಮುಗಿದರೆ ಮುಗಿಯಿತು. ಉಳಿದ ಇಪ್ಪತ್ತನ್ನು ಅಲ್ಲಲ್ಲೇ ಹರಡಿ ಮೇಲೆ ಕಲ್ಲು ಎಳೆದುಬಿಟ್ಟರೆ ಯಾರಿಗೂ ಕಾಣದು. ಹನ್ನೊಂದಾದರೆ ಟಿಪ್ಪರ್ ಉಳಿಯುತ್ತದೆ, ಇಂಜಿನಿಯರೂ ಏನಾದರೂ ಕಾರಣ ಹೇಳಿ ಬಚಾವಾಗುತ್ತಾರೆ. ಜೀಪಿನಲ್ಲಿ ವಾಪಸ್ಸು ಬರುವಾಗ ನಾನು ಇದನ್ನೇ ಅವರಿಗೆ ಹೇಳಿದೆ. ಅವರು ಕ್ಯಾಂಪಿನ ಬಳಿ ಇಳಿದು ಶೆಡ್ಡಿನ ಕಡೆಗೆ ನಡೆದರು.

ಸಂಜೆ ಹಿರಿಯರು ಮೂಡು ತೋಟದ ಕೆಟ್ಟ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಮಾತು ತೆಗೆಯುವ ಮೊದಲೇ ಅವರು ತಮ್ಮದೊಂದು ಸಂಗತಿ ಹೇಳಿದರು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವರು ಇದೇ ಕ್ಯಾಂಪಿನಲ್ಲಿ ಕೂಲಿಗಿದ್ದರಂತೆ. ಹಿಂದಿ ಕಲಿತದ್ದು ಅಲ್ಲಿದ್ದ ನಮ್ಮ ದೇಶದ ಅಡುಗೆಯವರಿಂದ. ಕ್ಯಾಂಪು ಖಾಲಿ ಮಾಡುವಾಗ ಉಳಿದ ಕೆಟ್ಟ ಎಣ್ಣೆಯ ಡ್ರಮ್ಮುಗಳನ್ನು ಉರುಳಿಸಿ ಹೂತವರಲ್ಲಿ ಅವರೂ ಒಬ್ಬರು. ಎಷ್ಟು ಹೂತಿರಿ ಎಂದು ಊರಿನ ಆಗಿನ ಹಿರಿಯರು ಕೇಳಿದಾಗ, ಮೇಸ್ತ್ರಿ ಹೇಳಿಕೊಟ್ಟ ಸಂಖ್ಯೆಯನ್ನೇ ಹೇಳಿದರಂತೆ.

"ಮೇಸ್ತ್ರಿ ಇಪ್ಪತ್ತು ಅನ್ನು ಅಂದ. ನಾನು ಇಪ್ಪತ್ತು ಅಂದೆ," ಎಂದರು. "ಊರವರು ಇಪ್ಪತ್ತು ಅಗೆದು ತೆಗೆದ್ರು. ಖಲಾಸ್ ಅಂತ ಮನೆಗೆ ಹೋದ್ರು. ಉಳಿದದ್ದು ಈ ಬಾವಿಗೆ ಬಂತು."

ಆಮೇಲೆ ನನ್ನ ಕಡೆ ತಿರುಗಿ, "ಈಗ ನೀನು ಹೇಳು," ಎಂದರು.

ಹೀಗೆ ಮಾತು ತೆಗೆಯುವವರನ್ನು ನಾನು ಕಂಡಿರಲಿಲ್ಲ. ತನ್ನ ಕೈಯ ಎಲ್ಲ ಇಸ್ಪೀಟು ಎಲೆಗಳನ್ನೂ ಮೊದಲೇ ಎದುರಿಗೆ ಬಿಚ್ಚಿಟ್ಟವರ ಹತ್ತಿರ ಎಂತ ಚೌಕಾಸಿ ಮಾಡುವುದು ಮಾರಾಯ್ರೆ. ನನ್ನ ಬಾಯಿಂದ ಮೂವತ್ತೊಂದು ಎಂದೇ ಬಂತು.

ಅವರು ತಲೆ ಅಲ್ಲಾಡಿಸಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಎಷ್ಟು ದಿನ ಬೇಕು ಎಂದಷ್ಟೇ ಕೇಳಿದರು. ಆ ರಾತ್ರಿ ಹೆಂಡತಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಟಿಪ್ಪರ್ ಹೋಗುತ್ತದೆ ಎಂದೆ. ಅವಳು ತುಳುವಿನಲ್ಲಿ, ಮೂರು ಗಾಡಿ ಇದ್ದದ್ದು ನಿನ್ನೆಯಿಂದಲ್ಲವಾ, ನಾವು ಒಂದೂ ಇಲ್ಲದೆ ಬಂದವರು, ಎಂದಳು. ಅಷ್ಟೇ ಸಾಕಾಯಿತು.

ಮರುದಿನ ಸಬ್ಲಾದಲ್ಲಿ ಊರಿನ ಗಂಡಸರೆಲ್ಲರ ಮುಂದೆ ನಿಂತು ಸಂಖ್ಯೆ, ಜಾಗ, ಕಾರಣ ಮೂರನ್ನೂ ಹೇಳಿದೆ. ದನಿ ಎತ್ತಿದವರಿದ್ದರು, ನನ್ನನ್ನು ಓಡಿಸಿ ಎಂದವರಿದ್ದರು. ಒಬ್ಬ ನನ್ನ ಟಿಪ್ಪರ್‌ನ ಗಾಳಿ ತೆಗೆಯುತ್ತೇನೆ ಎಂದ. ಹಿರಿಯರು, ಸುರಿದ ಜಾಗ ಗೊತ್ತಿರುವವನೇ ಎತ್ತಲಿ, ಓಡಿಸಿದರೆ ಎತ್ತುವವರು ಯಾರು ಎಂದರು. ಆಗ ಹಿಂದಿನಿಂದ ಇಂಜಿನಿಯರು ಎದ್ದು ನಿಂತರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಚೀಟಿಗಳಿಗೆ ಸಹಿ ಹಾಕಿದ್ದು ತಾನು, ಆಚೆ ಮುಟ್ಟಿತೇ ಎಂದು ಒಮ್ಮೆಯೂ ಹೋಗಿ ನೋಡಲಿಲ್ಲ ಎಂದು ತಮ್ಮ ಮುರುಕು ಅರಬ್ಬಿಯಲ್ಲಿ ಹೇಳಿದರು. ಪದ ಸಿಗದ ಕಡೆ ನಿಲ್ಲಿಸಿ, ಹುಡುಕಿ, ಮತ್ತೆ ಹೇಳಿದರು. ಕಂಪೆನಿಯ ಮ್ಯಾನೇಜರು ಫೋನಿನಲ್ಲಿ ಅವರಿಗೂ ನನಗೂ ಮಾಡಬೇಕಾದ ಪೂಜೆಯನ್ನೆಲ್ಲ ಮಾಡಿದರು, ನನಗೆ ದಂಡವನ್ನೂ ಹಾಕಿದರು. ಆದರೆ ಇಬ್ಬರನ್ನೂ ತೆಗೆಯಲಿಲ್ಲ. ಊರೆದುರು ಮಾತು ಬಂದ ಮೇಲೆ ನಮ್ಮನ್ನು ಓಡಿಸಿದರೆ ಆ ಮಣ್ಣು ಎತ್ತುವ ಖರ್ಚು ತಮ್ಮ ತಲೆಗೆ ಬರುತ್ತದೆ ಎಂಬ ಲೆಕ್ಕ ಅವರಿಗೂ ಇತ್ತು.

ಬುರೈಮಿಗೆ ಹೋಗಿ ಗಾಡಿ ಮಾರಿ ಬಂದೆ. ಜೆಸಿಬಿ ಬಾಡಿಗೆಗೆ ಹಿಡಿದೆ. ಡ್ರೈವರುಗಳಿಗೆ ಹಳೆಯ ಸಂಬಳ ಹಿಂದೆ ಕೊಟ್ಟೆ, ಟ್ರಿಪ್ಪಿನ ಲೆಕ್ಕ ಕೈಬಿಟ್ಟೆ. ಪಠಾಣನ ಗಾಡಿಯೇ ಹೋಗಿತ್ತಾದ್ದರಿಂದ ಅವನು ಹಳ್ಳದಲ್ಲಿ ಸನಿಕೆ ಹಿಡಿದು ಇಳಿದ. ಹಳ್ಳದ ಉರುಟುಕಲ್ಲುಗಳ ನಡುವೆ ಇಳಿದ ಕಪ್ಪನ್ನು ಜೆಸಿಬಿ ಎತ್ತಲಾರದು, ಕೈಯಿಂದಲೇ ಕೆರೆಯಬೇಕು. ಎರಡು ದಿನ ಕಳೆದ ಮೇಲೆ ಊರಿನ ನಾಲ್ಕು ಜನ, ಮೊನ್ನೆ ಗಾಳಿ ತೆಗೆಯುತ್ತೇನೆ ಎಂದವನೂ ಸೇರಿ, ತಮ್ಮ ಸನಿಕೆ ಹಿಡಿದು ಬಂದರು. ನಮ್ಮ ಮೇಲೆ ಪ್ರೀತಿ ಬಂದದ್ದೆಂದು ತಿಳಿಯಬೇಡಿ. ಬೆಟ್ಟದ ತುದಿಯಲ್ಲಿ ಮೋಡ ಕಟ್ಟಿತ್ತು. ಹಿರಿಯರು ಕುರ್ಚಿಗಳನ್ನು ಎರಡು ಪಾಲು ಮಾಡಿ, ಒಂದನ್ನು ಹಳ್ಳದ ಬಳಿ, ಒಂದನ್ನು ಆಚೆಯ ಗುಂಡಿಯ ಬಾಯಲ್ಲಿ ಹಾಕಿಸಿದರು. ತೂಗುವ ಗುಮಾಸ್ತ ಇರಬೇಕಿದ್ದ ಜಾಗದಲ್ಲಿ ಟೊಪ್ಪಿ ಹೊಲಿಯುವ ವಿಧವೆ ಕೂತು, ಬಂದು ಸುರಿದ ಪ್ರತಿ ಲೋಡಿಗೆ ನೂಲಿನಲ್ಲಿ ಒಂದು ಗಂಟು ಹಾಕಿದಳು. ನನಗೂ ಒಂದು ಸರದಿ ಬಿತ್ತು, ಶುಕ್ರವಾರ ಬೆಳಗಿನ ಮೊದಲ ಅಥರ್. ನೀರಿನಲ್ಲಿ ಪಾಲಿಲ್ಲದ ಒಬ್ಬನನ್ನು ಆ ಪಟ್ಟಿಯಲ್ಲಿ ಸೇರಿಸಿದ್ದು ಅದೇ ಮೊದಲು ಎಂದು ಆಮೇಲೆ ಯಾರೋ ಹೇಳಿದರು.

ಒಂಬತ್ತು ದಿನ ಹಿಡಿಯಿತು. ಮುಗಿದ ನಾಲ್ಕನೆಯ ದಿನ ಮಧ್ಯಾಹ್ನ ಬೆಟ್ಟದಲ್ಲಿ ಮಳೆ ಹೊಡೆದು, ಊರಿನಲ್ಲಿ ಒಂದು ಹನಿ ಬೀಳದೆಯೇ ಹಳ್ಳ ಬಂತು. ಕೆಂಪು ನೀರು, ಕಲ್ಲು ಉರುಳುವ ಸದ್ದು. ನಾವೆಲ್ಲ ಗುಡ್ಡದ ಮೇಲೆ ನಿಂತು ನೋಡಿದೆವು. ಎರಡು ವಾರ ಬಿಟ್ಟು ಫಲಜಿನ ಬಾಯಲ್ಲಿ ಬಾಟಲಿ ತುಂಬಿಸಿದರು. ಈ ಸಲ ಪಕ್ಕದಲ್ಲಿ ಅರ್ಧ ಊರು ನಿಂತಿತ್ತು. ವರದಿ ಬರುವ ತನಕ ಹಿರಿಯರು ದಿನಾ ಬೆಳಿಗ್ಗೆ ತೋಡಿಗೆ ಬಗ್ಗಿ ನೀರನ್ನು ಮೂಗಿಗೆ ಹಿಡಿದು ನೋಡುತ್ತಿದ್ದರಂತೆ. ವರದಿ ಬಂದಾಗ ಇಂಜಿನಿಯರು ಗೋಡೆಗೆ ಅಂಟಿಸುವ ಮೊದಲೇ ಅವರ ಕೈಗೆ ಕೊಟ್ಟರು. ನೀರು ಕೆಟ್ಟಿರಲಿಲ್ಲ. ಅವರು ಕಾಗದವನ್ನು ಮಡಚಿ ಎದೆಯ ಜೇಬಿಗೆ ಹಾಕಿಕೊಂಡು, ಇಳಿಹೊತ್ತಿನ ಅಸರ್ ನಮಾಜಿಗೆ ಸಮಯವಾಯಿತೆಂದು ಎದ್ದು ಹೋದರು.

ಆ ಕೆಲಸದಲ್ಲಿ ನಷ್ಟವಾಯಿತು. ಮುಂದಿನ ಎರಡು ಸಾಗಣೆ ಕೆಲಸ ಆ ಊರಿನವರ ಮಾತಿನಿಂದಲೇ ನನಗೆ ಸಿಕ್ಕಿತು ಎನ್ನುವುದನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ. ಮೂಡು ತೋಟದ ಬಾವಿ ಮಾತ್ರ ಹಾಗೆಯೇ ಉಳಿಯಿತು. ಅದಕ್ಕೆ ಇನ್ನೂ ವರ್ಷಗಳು ಬೇಕು ಎಂದು ಇಂಜಿನಿಯರು ಹೇಳಿದ್ದರು.

ನೀವು ಇಂಥ ಕೆಲಸಕ್ಕೆ ಕೈ ಹಾಕುವವರಾದರೆ, ಇಲ್ಲವೇ ಇಂಥ ಕೆಲಸ ನಿಮ್ಮ ಊರ ಪಕ್ಕ ನಡೆಯುತ್ತಿದ್ದರೆ, ಕೇಳಿ. ಊರವರಾದರೆ ವರದಿಯಲ್ಲಿ ಏನಿದೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ನೀರು ತುಂಬಿಸುವಾಗ ಯಾರು ನಿಂತಿದ್ದರು ಎಂದು ಕೇಳಿ. ಅಗೆಯುವ ಕಡೆ ಒಬ್ಬರು ಕೂತರೆ ಸಾಲದು, ಸುರಿಯುವ ಕಡೆಯೂ ಒಬ್ಬರನ್ನು ಕೂರಿಸಿ. ಗುತ್ತಿಗೆದಾರರಾದರೆ ಹಣವನ್ನು ಹೊರಟ ಲೋಡಿಗೆ ಮಾತಾಡಬೇಡಿ, ಮುಟ್ಟಿದ ಲೋಡಿಗೆ ಮಾತಾಡಿ. ನಿಮಗೆ ಅದು ತೊಂದರೆಯಾದರೂ ಹಾಗೆಯೇ ಬರೆಸಿಕೊಳ್ಳಿ. ಮಣ್ಣು ಎಲ್ಲಿ ಸುರಿದರೆ ಏನಾಗುತ್ತದೆ ಎಂದು ನಕ್ಷೆ ನೋಡಿ ತೀರ್ಮಾನಿಸುವ ಮೊದಲು, ಆ ಊರಿನಲ್ಲಿ ನೀರು ನೋಡಿಕೊಳ್ಳುವವರು ಯಾರೋ ಅವರ ಜೊತೆ ಒಮ್ಮೆ ಹಳ್ಳದ ಉದ್ದಕ್ಕೂ ನಡೆಯಿರಿ. ದರ ಹಾಕುವ ಹಿಂದಿನ ದಿನ ಗಾಡಿಗೆ ಲೋಡು ತುಂಬಿಸಿ ನೀವೇ ಓಡಿಸಿಕೊಂಡು ಹೋಗಿ ಬನ್ನಿ. ಬಿಸಿಲಿರುವ ಹೊತ್ತಿನಲ್ಲಿ ಹೋಗಿ, ಊಟಕ್ಕೆ ನಿಲ್ಲಿಸಿ, ಡ್ರೈವರಿಗೆ ನಮಾಜು ಇದ್ದರೆ ಅದಕ್ಕೂ ನಿಲ್ಲಿಸಿ. ಒಂದು ಹಗಲಿಗೆ ಎಷ್ಟು ಟ್ರಿಪ್ಪು ಆಗುತ್ತದೆ ಎಂದು ಆಗ ತಿಳಿಯುತ್ತದೆ. ಅದಕ್ಕಿಂತ ಒಂದು ಹೆಚ್ಚು ಕೇಳಿದರೆ ಮಾತ್ರ ಸಿಗುವ ಕೆಲಸವಾದರೆ, ಪಕ್ಕದವನಿಗೆ ಬಿಟ್ಟು ಮನೆಗೆ ಬನ್ನಿ.